ಕೊನೆಯ ಹಾಳೆ ಕಾಯಬಹುದು ಎಂದಿದ್ದೆ

ಎಂಟು ವರ್ಷಗಳ ಹಿಂದಿನ ಜುಲೈ. ಆಗ ನಾನು ಶಿಕಾಗೊದ ಒಂದು ವಸ್ತುಸಂಗ್ರಹಾಲಯದಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಪತ್ರ, ನಕಾಶೆ, ಚಿತ್ರಗಳು ಕೊಳೆಯದಂತೆ, ಹರಿಯದಂತೆ, ಬಣ್ಣಗೆಡದಂತೆ ನೋಡಿಕೊಳ್ಳುವುದು ಈ ಹುದ್ದೆಯ ಕೆಲಸ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದವಳು ಇಲ್ಲಿಗೆ ಹೇಗೆ ಬಂದೆ ಎಂದು ಶಿಕಾಗೊ ಪಕ್ಕದ ಲೈಲ್ ಊರಿನ ನಮ್ಮ ಬಡಾವಣೆಯ ಕನ್ನಡದವರು ಈಗಲೂ ಕೇಳುತ್ತಾರೆ. ಅದು ಬೇರೆ ಕಥೆ. ನಾನು ಈ ಕೆಲಸಕ್ಕೆ ಸೇರಿ ಅಷ್ಟೊತ್ತಿಗೆ ಇಪ್ಪತ್ತೆರಡು ವರ್ಷವಾಗಿತ್ತು. ದೊಡ್ಡ ತಪ್ಪು ಮಾಡುವ ಕಾಲ ದಾಟಿತು ಎಂದೇ ನಂಬಿದ್ದೆ.

ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಮಾಡಿದವರು ಮಿಶಿಗನ್‌ನ ನಾರ್ತ್‌ವಿಲ್‌ನಲ್ಲಿರುವ ಡಾಕ್ಟರ್ ಶೈಲಜಾ ಹಿರೇಮಠ. ಧಾರವಾಡದವರು, ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು, ನನ್ನ ಹಳೆಯ ಸ್ನೇಹಿತೆ.

"ವಸುಧಾ, ನಿನ್ನೆ ಸಂಜಿ ಗಾಳಿ ಮಳಿಗೆ ಇಲ್ಲೆ ಎಲ್ಲಾ ಕಡೆ ಕರೆಂಟ್ ಹೋಗೇತಿ. ನೆಲದಡಿ ನೀರು ಹೊರಗ ಹಾಕೋ ಸಂಪ್ ಪಂಪ್ ನಿಂತು ಬಾಜೂ ಮನಿ ಬೇಸ್‌ಮೆಂಟ್ ತುಂಬ ನೀರು. ಮಿಸೆಸ್ ಹಯಾಶಿ ಅಂತ, ಜಪಾನಿನವರು. ಅವರ ಮುತ್ತಜ್ಜ ಬರದ ಚಿತ್ರದ ಆಲ್ಬಮ್ ಪೂರ್ತಿ ತೊಯ್ದೈತಿ. ಬಿಸಿಲಿಗೆ ಹರವತೀನಿ ಅನ್ನಾಕತ್ತಾರ."

"ಬಿಸಿಲು ಬೇಡ ಶೈಲಕ್ಕ. ಹಾಳೆ ಬಿಡಿಸೋದೂ ಬೇಡ. ಫ್ರೀಜರ್‌ನಲ್ಲಿ ಇಡೋಕಾಗತ್ತಾ?"

"ಕರೆಂಟೇ ಇಲ್ಲ ಅಂದ್ನೆಲ್ಲ."

ಒದ್ದೆ ಕಾಗದವನ್ನು ಹೆಪ್ಪುಗಟ್ಟಿಸಿದರೆ ಬಣ್ಣ ಹರಿಯುವುದು ನಿಲ್ಲುತ್ತದೆ, ಬೂಷ್ಟು ಹಿಡಿಯುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ. ಅದಿಲ್ಲವೆಂದರೆ ಬೇಸಿಗೆಯಲ್ಲಿ ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಬ್ಲಾಟಿಂಗ್ ಪೇಪರ್‌ನ ಕಟ್ಟು, ತೆಳುವಾದ ಪಾಲಿಯೆಸ್ಟರ್ ಬಟ್ಟೆ, ಹಲಗೆಗಳನ್ನು ಕಾರಿಗೆ ತುಂಬಿಕೊಂಡು ಹೊರಟೆ. ಇನ್ನೂರ ಎಂಬತ್ತು ಮೈಲಿ. ದಾರಿಯಲ್ಲಿ ಕಲಮಜೂ ಊರಿನ ಹತ್ತಿರ ರಸ್ತೆ ರಿಪೇರಿ ನಡೆದು ಒಂದೇ ಲೇನ್ ಬಿಟ್ಟಿದ್ದರು. ಮಿಶಿಗನ್‌ನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಆ ದಿನ ಅದೂ ನನ್ನಿಂದ ಕಿತ್ತುಕೊಂಡ ಗಂಟೆಯಂತೆ ಕಂಡಿತು. ತಿಂಡಿಗೂ ನಿಲ್ಲಿಸದೆ ಹೋದೆ. ತಲುಪಿದಾಗ ಮಧ್ಯಾಹ್ನ ಒಂದೂವರೆ, ಹೊರಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಮನೆಯೊಳಗೆ ಏಸಿ ಇಲ್ಲ.

ಮಿಸೆಸ್ ಹಯಾಶಿಗೆ ಎಂಬತ್ತೊಂದು ವರ್ಷ. ಕಾರಿನ ಬಿಡಿಭಾಗ ಮಾಡುವ ಕಂಪನಿಯ ಕೆಲಸಕ್ಕೆ ಬಂದ ಗಂಡನ ಜೊತೆ ಇಲ್ಲಿಗೆ ಬಂದವರು, ಈಗ ಒಬ್ಬರೇ. ರಬ್ಬರ್ ಬೂಟು ಹಾಕಿಕೊಂಡೇ ಬಾಗಿಲು ತೆಗೆದರು. ಅಡುಗೆಮನೆಯ ಮೇಜಿನ ಮೇಲೆ ಬೇಕಿಂಗ್ ಟ್ರೇಯಲ್ಲಿ ಆಲ್ಬಮ್ ಇತ್ತು. ಹನ್ನೊಂದು ಹಾಳೆಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಟ್ರೇಯ ಮೂಲೆಯಲ್ಲಿ ನಿಂತ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಆಲ್ಬಮ್‌ನಲ್ಲಿದ್ದದ್ದು ಮರದಚ್ಚಿನ ಚಿತ್ರಗಳು; ಆ ಗುಲಾಬಿ ಅವುಗಳಿಂದ ಇಳಿಯುತ್ತಿದ್ದ ಕೆಂಪು. ಜಪಾನಿನ ಮರದಚ್ಚಿನ ಚಿತ್ರದಲ್ಲಿ ಕಲಾವಿದ ಚಿತ್ರ ಬರೆಯುತ್ತಾನೆ, ಇನ್ನೊಬ್ಬ ಅದನ್ನು ಮರದಲ್ಲಿ ಕೆತ್ತುತ್ತಾನೆ, ಮತ್ತೊಬ್ಬ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಒತ್ತುತ್ತಾನೆ. ಕಪ್ಪು ಗೆರೆಗೆ ಬಳಸುವುದು ದೀಪದ ಕಾಡಿಗೆಯಿಂದ ಮಾಡಿದ ಮಸಿ. ಅದು ನೀರಿಗೆ ಜಗ್ಗುವುದಿಲ್ಲ. ಆದರೆ ಆ ದೇಶ ಯೂರೋಪಿಗೆ ಬಾಗಿಲು ತೆರೆದ ಮೇಲೆ ಕಲ್ಲಿದ್ದಲ ಡಾಂಬರಿನಿಂದ ತಯಾರಾದ ಅಗ್ಗದ ಅನಿಲಿನ್ ಕೆಂಪು ಬಂತು. ಕಣ್ಣು ಕುಕ್ಕುವಷ್ಟು ಕೆಂಪು. ನೀರು ತಾಗಿದರೆ ಓಡಿಹೋಗುತ್ತದೆ.

"ಮುತ್ತಜ್ಜ ಎಯ್ಕಿಚಿ ಹಳೆಯ ಶೈಲಿ ಕಲಿತವನು. ನಾಟಕದ ನಟರನ್ನು ಬರೆಯುತ್ತಿದ್ದ," ಎಂದರು ಮಿಸೆಸ್ ಹಯಾಶಿ. "ಆಮೇಲೆ ಪ್ರಕಾಶಕ ರೈಲು ಬರಿ, ಇಟ್ಟಿಗೆಯ ಕಟ್ಟಡ ಬರಿ, ತಂತಿ ಕಂಬ ಬರಿ ಅಂದ. ಆಕಾಶಕ್ಕೆ ಕೆಂಪು ಹಾಕು ಅಂದ. ಅವನಿಗೆ ಆ ಕೆಂಪು ಹಿಡಿಸುತ್ತಿರಲಿಲ್ಲವಂತೆ."

ನಾನು ಅರ್ಧ ಕಿವಿಯಿಂದ ಕೇಳುತ್ತಿದ್ದೆ. ಕೈ ಹಲಗೆಗಳನ್ನು ಜೋಡಿಸುತ್ತಿತ್ತು.

"ಕೆಳಗಿನಿಂದ ಶುರು ಮಾಡಲು ಆಗುತ್ತದೆಯೇ?" ಎಂದು ಅವರು ಕೇಳಿದರು.

"ಕೊನೆಯ ಹಾಳೆಯಲ್ಲಿ ಏನಿದೆ?"

"ಬರೀ ಕಪ್ಪು. ಬಣ್ಣ ಹಾಕಿಲ್ಲ."

"ಹಾಗಾದರೆ ಅದು ಕಾಯಬಹುದು. ಕಪ್ಪು ಓಡುವುದಿಲ್ಲ. ಮೊದಲು ಕೆಂಪನ್ನು ಹಿಡಿಯಬೇಕು."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ನಿಮಗೆ ಗೊತ್ತಿರುತ್ತದೆ," ಎಂದರು. ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ನನಗೆ ಬೆಳಕು ಮಾಡಿಕೊಟ್ಟರು.

ಪ್ರತಿ ಹಾಳೆಯ ಮೇಲೆ ಪಾಲಿಯೆಸ್ಟರ್ ಬಟ್ಟೆ ಹಾಸಿ, ಅದು ಕಾಗದಕ್ಕೆ ಹತ್ತಿಕೊಂಡ ಮೇಲೆ ಒಂದು ಮೂಲೆಯಿಂದ ಎರಡನ್ನೂ ಒಟ್ಟಿಗೆ ಎತ್ತಬೇಕು. ಅವಸರಪಟ್ಟರೆ ಹರಿಯುತ್ತದೆ, ತಡವಾದರೆ ಬಣ್ಣ ಕೆಳಗಿಳಿಯುತ್ತದೆ. ಶೈಲಕ್ಕ ನೆನೆದ ಬ್ಲಾಟರ್ ತೆಗೆದು ಒಣ ಬ್ಲಾಟರ್ ಕೊಡುತ್ತಿದ್ದರು. ಮೊದಲ ಹಾಳೆ, ರೈಲು ನಿಲ್ದಾಣ, ನಲವತ್ತು ನಿಮಿಷ ತಿಂದಿತು. ಎರಡನೆಯದರಲ್ಲಿ ಅಂಚು ಹರಿಯಿತು. ಐದನೆಯದರ ಹೊತ್ತಿಗೆ ಕೈಗೆ ಲಯ ಸಿಕ್ಕಿತ್ತು, ಆದರೆ ಮನಸ್ಸಿಗೆ ಸಿಕ್ಕಿರಲಿಲ್ಲ. ಪ್ರತಿ ಸಲ ಗಡಿಯಾರ ನೋಡುವುದು, ಪ್ರತಿ ಸಲ ಟ್ರೇಯ ನೀರು ನೋಡುವುದು. ಅದು ಗುಲಾಬಿಯಿಂದ ಕೆಂಪಾಗುತ್ತಿತ್ತು. ಆ ಕೆಂಪು ಎಲ್ಲಿಗೆ ಹೋಗುತ್ತಿದೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

"ಸ್ವಲ್ಪ ಕುಂದರ್ವಾ. ಮುಂಜಾನಿಂದ ಏನೂ ತಿಂದಿಲ್ಲ," ಎಂದರು ಶೈಲಕ್ಕ.

"ಇನ್ನು ಮೂರೇ ಇದೆ."

ಹನ್ನೊಂದನೆಯ ಹಾಳೆ ತಲುಪಿದಾಗ ಏಳು ಗಂಟೆ ದಾಟಿತ್ತು. ಬೇಸಿಗೆಯ ಬೆಳಕು ಇನ್ನೂ ಇತ್ತು. ಮೇಲಿನ ಹತ್ತು ಹಾಳೆಗಳಿಂದ ಬಿಟ್ಟುಹೋದ ಬಣ್ಣವೆಲ್ಲ ಇಳಿದು ಅದರಲ್ಲಿ ಕೂತಿತ್ತು. ಕಪ್ಪು ಗೆರೆ ಓಡಿರಲಿಲ್ಲ, ನಾನು ಹೇಳಿದ್ದು ಸರಿಯೇ. ಆದರೆ ಕಾಗದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕೆಂಪು. ಮಧ್ಯದಲ್ಲಿ ಕೂತಿದ್ದ ಇಬ್ಬರ ಮುಖವೂ ಗುರುತು ಸಿಗದಷ್ಟು ಕೆಂಪು.

ಮಿಸೆಸ್ ಹಯಾಶಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಹೇಳಿದರು: "ಇದು ಮಾರಾಟಕ್ಕೆ ಮಾಡಿದ್ದಲ್ಲ. ಫೋಟೊ ಬಂತು, ಕಲ್ಲಚ್ಚಿನ ಮಷೀನ್ ಬಂತು, ಮರದಚ್ಚು ಕೊಳ್ಳುವವರು ಇಲ್ಲದೆ ಅವನು ಕೆಲಸ ಮಾಡುತ್ತಿದ್ದ ಜಾಗ ಮುಚ್ಚಿತು. ಆ ದಿನ ಕೆತ್ತುವವನನ್ನು, ಅಚ್ಚೊತ್ತುವವನನ್ನು ಕೂರಿಸಿ ಬರೆದ. ಅವರೇ ಕೆತ್ತಿದರು, ಅವರೇ ಒತ್ತಿದರು. ಮೂರು ಪ್ರತಿ, ಒಬ್ಬೊಬ್ಬರಿಗೆ ಒಂದು. ಉಳಿದಿರುವುದು ಇದೊಂದೇ. ಆಮೇಲೆ ಅವನು ಸಾಯುವ ತನಕ ಬೆಂಕಿಪೊಟ್ಟಣದ ಲೇಬಲ್ ಬರೆದ."

"ನೀವು ಮೊದಲೇ ಹೇಳಬೇಕಿತ್ತು," ಎಂದುಬಿಟ್ಟೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ಹೇಳಿದ್ದರು. ಮುದ್ದೆಯನ್ನು ಎರಡು ಹಲಗೆಗಳ ನಡುವೆ ಹಿಡಿದು ಮಗುಚಿ ಹಾಕಿದ್ದರೆ ಅದೇ ಮೊದಲ ಹಾಳೆಯಾಗುತ್ತಿತ್ತು. ಅದಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ.

"ನೀವು ಅವಸರದಲ್ಲಿದ್ದಿರಿ," ಎಂದಷ್ಟೇ ಹೇಳಿ ಅವರು ಟ್ರೇಯ ನೀರನ್ನು ಸಿಂಕಿಗೆ ಚೆಲ್ಲಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಲಧಿಕಾರಿಗಳ ಒಪ್ಪಿಗೆ ಪಡೆದು ಆ ಹಾಳೆಯನ್ನು ನಮ್ಮ ಲ್ಯಾಬಿಗೆ ತಂದೆ. ರಜೆಯ ದಿನಗಳಲ್ಲಿ, ನಾಲ್ಕು ತಿಂಗಳು, ನೀರು ಮತ್ತು ಆಲ್ಕೊಹಾಲ್ ಬೆರೆಸಿ ಕುಂಚದಲ್ಲಿ ಹನಿ ಹನಿಯಾಗಿ ಬಿಟ್ಟು, ಕೆಳಗಿನಿಂದ ಗಾಳಿ ಎಳೆಯುವ ಮೇಜಿನ ಮೇಲಿಟ್ಟು ಕೆಂಪನ್ನು ಹೊರಗೆಳೆದೆ. ಕೆತ್ತುವವನ ಮುಖ ತೆಳುಗುಲಾಬಿಯಲ್ಲಿ ಹೊರಬಂತು. ಹಣೆಯ ಗೆರೆ, ಉಳಿ ಹಿಡಿದ ಹೆಬ್ಬೆರಳು ಎಲ್ಲ ಕಂಡವು. ಅಚ್ಚೊತ್ತುವವನ ಕಡೆ ಕೆಂಪು ಉಳಿದೇ ಹೋಯಿತು. ಇನ್ನೂ ಎಳೆದರೆ ಕಾಗದವೇ ಬಿಟ್ಟುಕೊಳ್ಳುತ್ತದೆ ಎನಿಸಿದ ದಿನ ಕುಂಚ ಕೆಳಗಿಟ್ಟೆ.

ಮಿಸೆಸ್ ಹಯಾಶಿ ಹತ್ತು ಚಿತ್ರಗಳನ್ನು ಒಂದು ಕಾಲೇಜಿಗೆ ಕೊಟ್ಟರು. ಹನ್ನೊಂದನೆಯದನ್ನು ಫ್ರೇಮ್ ಹಾಕಿಸಿ, ನಾನು ಕೇಳಿಕೊಂಡಂತೆ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿದರು. ನಾನು ಮತ್ತೆ ಮತ್ತೆ ಕ್ಷಮೆ ಕೇಳುವುದು ಅವರಿಗೆ ಸಾಕಾಗಿರಬೇಕು. "ಎಯ್ಕಿಚಿಗೂ ಆ ಕೆಂಪನ್ನು ದೂರ ಇಡಲು ಆಗಲಿಲ್ಲ," ಎಂದರು ಒಮ್ಮೆ. ಸಮಾಧಾನಕ್ಕೆ ಹೇಳಿದರೋ, ಇದ್ದದ್ದನ್ನು ಹೇಳಿದರೋ, ನನಗೆ ತಿಳಿಯಲಿಲ್ಲ.

ಆಪತ್ತಿನಲ್ಲಿ ಯಾವುದನ್ನು ಮೊದಲು ಉಳಿಸಬೇಕೆಂಬುದು ತಂತ್ರದ ಪ್ರಶ್ನೆ ಎಂದು ಇಪ್ಪತ್ತೆರಡು ವರ್ಷ ನಂಬಿದ್ದೆ. ಅದು ಮೊದಲು ಮನೆಯವರ ಪ್ರಶ್ನೆ, ಆಮೇಲೆ ನಮ್ಮದು. ಆ ಜುಲೈಯ ನಂತರ ನಿವೃತ್ತಿಯವರೆಗೂ, ಒದ್ದೆ ಕಾಗದ ಹಿಡಿದು ಬಂದ ಯಾರನ್ನೇ ಆಗಲಿ ಕೂರಿಸಿ ಕೇಳುತ್ತಿದ್ದೆ: ಇದರಲ್ಲಿ ಒಂದೇ ಒಂದು ಉಳಿಯುವುದಾದರೆ ಯಾವುದು ಬೇಕು, ಯಾಕೆ? ಕೆಲವರು ತಟ್ಟನೆ ಹೇಳುತ್ತಿದ್ದರು, ಕೆಲವರು ಅಳುತ್ತಿದ್ದರು. ನೀರು ತನ್ನ ಪಾಡಿಗೆ ಇಳಿಯುತ್ತಲೇ ಇರುತ್ತಿತ್ತು, ನನ್ನ ಕೈ ಚಡಪಡಿಸುತ್ತಿತ್ತು. ಆದರೂ ಉತ್ತರ ಪೂರ್ತಿ ಕೇಳಿಸಿಕೊಳ್ಳುವವರೆಗೆ ಕಾಗದ ಮುಟ್ಟುತ್ತಿರಲಿಲ್ಲ.