ಖಾಲಿ ಹಾಳೆಯ ಕೆಳಗೆ ನನ್ನ ಸಹಿ

ಈ ಊರಿಗೆ ಬಂದ ಮೂರನೆಯ ಬೆಳಿಗ್ಗೆ ಹೆಂಗಸೊಬ್ಬಳು ಸೀದಾ ನನ್ನ ಅಡುಗೆಮನೆಗೇ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು, "ಇದೇನ್ ಸಾರಾ, ಬಿಸ್ನೀರಾ?" ಎಂದಳು. ಮಡಿಕೇರಿಯ ಕಾನ್ವೆಂಟಿನಲ್ಲಿ ಎಕ್ಸ್‌ಕ್ಯೂಸ್ ಮಿ ಎನ್ನದೆ ಹೊಸ್ತಿಲು ದಾಟದಂತೆ ಬೆಳೆದವಳು ನಾನು. ಬೆಚ್ಚಿಬಿದ್ದೆ.

ಆಕೆ ಜಯಮ್ಮ, ನಮ್ಮ ವಾರ್ಡಿನ ಪಂಚಾಯ್ತಿ ಮೆಂಬರ್. ನೆಲಮಂಗಲದಲ್ಲಿ ನರ್ಸ್ ಆಗಿರುವ ತಂಗಿಯ ಮಗಳಿಗೆ ಹತ್ತಿರವಿರಬೇಕೆಂದು ನಾನು ಸೋಲೂರಿನ ಆಚೆಯ ಈ ಹಳ್ಳಿಗೆ (ಹೆಸರು ಬೇಡ) ಬಂದಾಗ ಮನೆ ಹುಡುಕಿಕೊಟ್ಟವಳೂ ಅವಳೇ ಎಂದು ಆಮೇಲೆ ತಿಳಿಯಿತು. ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದಳು. ಇಲ್ಲಿ 'ಒಸಿ' ಎಂದರೆ ಸ್ವಲ್ಪ. "ಒಸಿ ತಿನ್ನಿ" ಎನ್ನುತ್ತಲೇ ತಟ್ಟೆ ತುಂಬಿಸುತ್ತಿದ್ದಳು. ಮಡಿಕೇರಿಯಲ್ಲಿ ನನಗೆ ನೆರೆಹೊರೆಯಿತ್ತು, ಇಂಥ ಸಲಿಗೆಯಿರಲಿಲ್ಲ.

ಪಂಚಾಯ್ತಿಯ ಕೆಲಸಗಳನ್ನು ಊರವರೇ ನೋಡಿ ವರದಿ ಕೊಡುವ ಸಮಿತಿಯೊಂದಿದೆ. "ಮೇಡಮ್ಮೋರು ಓದ್ಕೊಂಡೋರು, ಅವರ್ನೂ ಸೇರ್ಸಿ" ಎಂದು ಜಯಮ್ಮ ಹೇಳಿದಾಗ, ಈ ವಯಸ್ಸಿನಲ್ಲಿ ನಾನು ಯಾರಿಗೋ ಯೂಸ್‌ಫುಲ್ ಎಂದು ಹಿಗ್ಗಿದೆ. ಟೇಪು ಹಿಡಿದು ಚರಂಡಿ ಅಳೆದೆ. ಮೇಲಿನ ಕೇರಿಯಲ್ಲಿ ಮನೆಮನೆಗೂ ನಲ್ಲಿ ನೆಟ್ಟಿದ್ದರು. ಪೈಪು ಮಾತ್ರ ರಸ್ತೆಯ ತಿರುವಿನಲ್ಲೇ ನಿಂತಿತ್ತು.

"ಚೆನ್ನಾಗ್ ಬರ್ಕೊಳಿ ಮೇಡಂ. ನಾವ್ ಯೇಳುದ್ರೆ ಯಾರ್ ಕೇಳ್ತಾರೆ?" ಎಂದಳು ಆ ಕೇರಿಯ ಪುಟ್ಟತಾಯಿ, ಸೊಂಟದ ಕೊಡ ಇಳಿಸದೆಯೇ. ಕೆಲಸ ಮುಗಿದಿಲ್ಲವೆಂದು ಗ್ರಾಮಸಭೆಯಲ್ಲಿ ದಾಖಲಾದರೆ ಪೈಪು ಮುಂದುವರಿಯುತ್ತದೆ. ಮುಗಿದಿದೆ ಎಂದರೆ ಫೈಲ್ ಕ್ಲೋಸ್.

ಸಭೆಯ ಬಾಗಿಲಲ್ಲಿ ಜಯಮ್ಮ ದಪ್ಪ ಪುಸ್ತಕ ಚಾಚಿದಳು. "ಆಜ್ರಿ ಕಣ್ ಮೇಡಮ್ಮ, ಒಂದ್ ಸೈನ್ ಆಕ್ಬುಡಿ." ಪುಟದ ಮೇಲ್ಭಾಗವೆಲ್ಲ ಖಾಲಿ. ನನ್ನ ಶಾಲೆಯಲ್ಲಿ ಹಾಜರಿ ಎಂದರೆ ಹಾಜರಿ. ಅಂದವಾಗಿ ಸಹಿ ಮಾಡಿ ಒಳಗೆ ಹೋಗಿ, ಎದ್ದು ನಿಂತು, ಪೈಪು ತಿರುವಿನಲ್ಲೇ ನಿಂತಿದೆ ಎಂಬ ವರದಿ ಓದಿದೆ. ಚಪ್ಪಾಳೆಯೂ ಬಿತ್ತು.

ಇಲ್ಲಿ ಸಹಿ ಮೊದಲು, ಸಭೆಯ ತೀರ್ಮಾನ ಆಮೇಲೆ ಪುರುಸೊತ್ತಿನಲ್ಲಿ ಬರೆಯುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ವಾರದ ಬಳಿಕ ಪುಟ್ಟತಾಯಿ ಪಂಚಾಯ್ತಿಗೆ ಹೋಗಿ ಆ ಪುಟದ ಜೆರಾಕ್ಸ್ ತಂದಳು. 'ಮೇಲಿನ ಕೇರಿಗೆ ನೀರು ಬಂದಿದೆ; ಸಮಿತಿಗೆ ತೃಪ್ತಿಯಿದೆ.' ಕೆಳಗೆ ಮೊದಲ ಸಹಿಯೇ ನನ್ನದು.

ಜಯಮ್ಮನನ್ನು ಕೇಳಿದೆ. "ಅಯ್ಯೋ, ಎಲ್ಲಾ ಕಡೆ ಇಂಗೇಯ! ನಿಮ್ ಸೈನ್ ಇದ್ರೆ ಯಾರೂ ತಕರಾರ್ ತೆಗ್ಯಲ್ಲ ಅಂತ ತಾನೆ ನಿಮ್ಮುನ್ನ ಸೇರಿಸ್ಕೊಂಡಿದ್ದು? ಊಟ ಆಯ್ತಾ?"

ಪುಟ್ಟತಾಯಿ ಬೈಯಲಿಲ್ಲ. "ಬುಡಿ ಮೇಡಂ, ನೀವೂ ಈ ಊರೋರೇ ಆಗ್ಬುಟ್ರಿ" ಎಂದಳಷ್ಟೆ. ಯಾರಾದರೂ ಈ ಮಾತು ಹೇಳಲಿ ಎಂದು ಎಷ್ಟು ತಿಂಗಳಿಂದ ಕಾದಿದ್ದೆ!

ಖಾಲಿ ಹಾಳೆಗೆ ಸಹಿ ಹಾಕಿದೆನೆಂದು ತಾಲ್ಲೂಕಿಗೆ ಬರೆದು ಕೊಟ್ಟಿದ್ದೇನೆ. ಉತ್ತರವಿಲ್ಲ. ಜಯಮ್ಮ ಮಾತು ಬಿಟ್ಟಿದ್ದಾಳೆ. ವಾಪಸ್ ಬಂದುಬಿಡು ಎಂದು ಮಡಿಕೇರಿಯ ಹಳೆಯ ಗೆಳತಿಯರಾದ ನೀವು ಕರೆಯುತ್ತೀರಿ. ಹೇಗೆ ಬರಲಿ? ನಾನು ಬಂದರೂ ನನ್ನ ಸಹಿ ಇಲ್ಲೇ ಇರುತ್ತದೆ. ಇಲ್ಲಿದ್ದರೆ, ಕೊಡ ಹೊತ್ತ ಮೇಲಿನ ಕೇರಿಯವರು ದಿನಾ ನನ್ನ ಕಿಟಕಿಯ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ನೋಡದೆ.