ಗಾಜಿಗೊಂದು ಕಿಂಡಿ

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಒಂದು ಬುಧವಾರ. ಅದು ಕೊನೆಯದೆಂದು ಗೊತ್ತಿದ್ದರೆ ನಾನೂ ಅಕ್ಕನೂ ಅದನ್ನು ಬಚ್ಚಲಲ್ಲಿ ನಿಂತು ಜಗಳವಾಡಿ ಕಳೆಯುತ್ತಿರಲಿಲ್ಲವೇನೋ. ಅಥವಾ ಹಾಗೆಯೇ ಕಳೆಯುತ್ತಿದ್ದೆವು. ಜಗಳ ಬಿಟ್ಟರೆ ನಮಗೆ ಬೇರೆ ಮನರಂಜನೆ ಕಡಿಮೆ.

ಜಗಳ ಒಂದು ಸ್ನಾನದ ಟಬ್ಬಿನದು. ಇನ್ನಂಜೆಯಂಥ ಹಳ್ಳಿಯಲ್ಲಿ, ನಮ್ಮ ಹೆಂಚಿನ ಮನೆಯಲ್ಲಿ, ಟಬ್ಬು ಯಾಕೆ ಎಂದು ನೀವು ಕೇಳಬಹುದು. ಊರೆಲ್ಲ ಕೇಳಿತ್ತು. ಅಕ್ಕ ಇಪ್ಪತ್ತೆಂಟು ವರ್ಷ ಕುವೈತಿನಲ್ಲಿ ನರ್ಸಾಗಿದ್ದವಳು. ಅಷ್ಟೂ ವರ್ಷ ಬೇರೆಯವರನ್ನು ಟಬ್ಬಿನಲ್ಲಿ ಕೂರಿಸಿ, ಬೆನ್ನು ತಿಕ್ಕಿ, ಒರೆಸಿ ಎಬ್ಬಿಸಿದವಳು. ಅವಳ ಸ್ವಂತ ಸ್ನಾನ ಮಾತ್ರ ಹಾಸ್ಟೆಲಿನ ಬಕೆಟ್ಟಿನಲ್ಲಿ. ಊರಿಗೆ ಮರಳಿದ ಮೇಲೆ ಅವಳು ಆಸೆಪಟ್ಟದ್ದು ಒಂದನ್ನೇ. "ನನಗೊಂದು ಟಬ್ಬು ಬೇಕು ವಾರಿಜಾ. ಅದರಲ್ಲಿ ನಾನು ಕೂರಬೇಕು. ಬೇರೆ ಯಾರನ್ನೂ ಕೂರಿಸಲಿಕ್ಕೆ ಅಲ್ಲ."

ನಾನು ಊರಿನಲ್ಲೇ ಉಳಿದು ಹೊಲಿಗೆ ಮಾಡಿಕೊಂಡಿದ್ದವಳು. ಇಬ್ಬರಿಗೂ ಮದುವೆಯಾಗಲಿಲ್ಲ. ನನ್ನ ಹೆಮ್ಮೆ ಎಂದರೆ ಬಚ್ಚಲಿನ ತಾಮ್ರದ ಹಂಡೆ. ಒಲೆಯ ಮೇಲೆ ಗುಂಡಗೆ ಕಟ್ಟೆ ಕಟ್ಟಿ ಅದರಲ್ಲಿ ಹೂತಿಟ್ಟ ಹಂಡೆ. ನಮ್ಮ ಕಡೆ ದೂರದಿಂದ ಬಂದ ನೆಂಟರಿಗೆ ಕಾಫಿಗಿಂತ ಮೊದಲು ಬಿಸಿನೀರು ಉಂಟು ಎಂದು ಹೇಳುವುದೇ ಮರ್ಯಾದೆ. ಒಬ್ಬರ ಮನೆಯ ಸ್ಥಿತಿಗತಿ ತಿಳಿಯಬೇಕಾದರೆ ಚಾವಡಿ ನೋಡಬಾರದು, ಬಚ್ಚಲು ನೋಡಬೇಕು ಎಂಬುದು ನನ್ನ ಸಿದ್ಧಾಂತ. ಅದನ್ನು ಅಕ್ಕನಿಗೆ ಅನೇಕ ಸಲ ವಿವರಿಸಿದ್ದೇನೆ. ಅವಳು ಒಮ್ಮೆಯೂ ಪೂರ್ತಿ ಕೇಳಿದ್ದಿಲ್ಲ.

ಮಣಿಪಾಲದ ಅಂಗಡಿಯಿಂದ ಟಬ್ಬು ಟೆಂಪೋದಲ್ಲಿ ಬಂತು. ಕಿಟಕಿಯ ಬದಿಗೆ ಗೀಸರಿನ ಕೆಳಗೆ ಇಟ್ಟರು. ಗೀಸರಿನ ನೀರೆಲ್ಲ ಸುರಿದರೂ ಅಕ್ಕನ ಕಾಲಿನ ಹರಡೂ ಮುಳುಗಲಿಲ್ಲ. ಅಂತೂ ಕುವೈತಿನ ಆಸೆಗೆ ಇನ್ನಂಜೆಯ ಹಂಡೆಯೇ ಗತಿಯಾಯಿತು. ಟಬ್ಬನ್ನು ಎಳೆದು ಹಂಡೆಯ ಕಟ್ಟೆಗೆ ಒರಗಿಸಿ ಓರೆಯಾಗಿ ಇಟ್ಟೆವು. ಕಟ್ಟೆ ಒಡೆಯಲು ನಾನು ಬಿಡಲಿಲ್ಲ. ಅಂದಿನಿಂದ ಬಚ್ಚಲಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನಾವಿಬ್ಬರೂ ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ಒಳಗೆ ಹೋಗುತ್ತಿದ್ದೆವು.

ಪ್ರತಿ ಸಂಜೆ ಅಕ್ಕ ಟಬ್ಬಿನಲ್ಲಿ, ನಾನು ಒಲೆಯ ಮುಂದೆ ಮಣೆಯ ಮೇಲೆ. ನಾನು ಒಲೆಗೆ ತೆಂಗಿನ ಒಣ ಮಡಲು ಒಟ್ಟುವುದು, ನೀರು ತಣಿದಾಗ ಅವಳು ಟಬ್ಬಿನ ಅಂಚನ್ನು ಬೆರಳಿನಿಂದ ತಟ್ಟುವುದು, ನಾನು ಒಂದು ಚೆಂಬು ಬಿಸಿನೀರು ಹೊಯ್ಯುವುದು. ಇಪ್ಪತ್ತೆಂಟು ವರ್ಷದ ಕಾಗದಗಳಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಅವಳು ಹೇಳಿದ್ದು ಆ ನೀರಿನಲ್ಲಿ ಕೂತು. ಅಲ್ಲಿ ಒಬ್ಬಳು ಮುದುಕಿ ಅವಳನ್ನು ತೀರಿಹೋದ ಮಗಳ ಹೆಸರಿನಿಂದ ಕರೆಯುತ್ತಿದ್ದಳಂತೆ. ಅಕ್ಕ ಎರಡು ವರ್ಷ ಆ ಹೆಸರಿಗೆ ಓಗೊಟ್ಟಳಂತೆ. "ಎಂತ ಮಾಡುವುದು? ಕರೆದಾಗ ಯಾರಾದರೂ ಹೂಂ ಅನ್ನಬೇಕಲ್ಲ" ಎಂದು ಹೇಳಿ ಟಬ್ಬಿನ ಅಂಚು ತಟ್ಟಿದಳು. ನಾನು ನೀರು ಹೊಯ್ದೆ.

ಕಷ್ಟ ಒಂದೇ. ಕಥೆ ರಂಗೇರಿದಾಗ ಅಕ್ಕ ಟಬ್ಬಿನ ಜೊತೆ ಬಂದಿದ್ದ ಕೈಶವರನ್ನು ಬೀಸಿ ಮಾತಾಡುತ್ತಿದ್ದಳು. ನನ್ನ ಮಡಲು ಒದ್ದೆ, ಒಲೆ ಒದ್ದೆ, ಮನೆಯೆಲ್ಲ ಹೊಗೆ. ಪ್ಲಾಸ್ಟಿಕ್ ಪರದೆ ಕಟ್ಟಿದೆವು. ಅದು ಅವಳ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಕೊನೆಗೆ ಟಬ್ಬಿಗೂ ಹಂಡೆಗೂ ನಡುವೆ, ಆಚೆ ಕಾಣದ ಮಬ್ಬು ಗಾಜು ಹಾಕಿಸುವುದೆಂದು ಒಪ್ಪಂದವಾಯಿತು.

ಆ ಬುಧವಾರ ಕಾಪುವಿನಿಂದ ಗಾಜಿನ ಇಸ್ಮಾಯಿಲ್ ಬಂದರು. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದು ಸುತ್ತಲೂ ನೋಡಿದರು.

"ದುಬೈಯಲ್ಲಿ ನಲವತ್ತು ಮಾಳಿಗೆಗೆ ಗಾಜು ಕೂರಿಸಿದ್ದೇನೆ ನರ್ಸಕ್ಕ. ಇಂಥ ಬಚ್ಚಲು ಕಂಡದ್ದಿಲ್ಲ. ಇಲ್ಲಿ ಒಂದು ಗೋಡೆಯಾದರೂ ನೆಟ್ಟಗೆ ಉಂಟಾ?"

"ಗೋಡೆಗೆ ಮಾರ್ಕು ಕೊಡಲಿಕ್ಕೆ ನಿಮ್ಮನ್ನು ಕರೆದದ್ದಲ್ಲ ಮಾರಾಯ್ರೆ" ಎಂದಳು ಅಕ್ಕ.

ಟೇಪಿನಿಂದ ಅಳೆದರೆ ಆಗುವ ಜಾಗ ಅದಲ್ಲ. ಅಕ್ಕನ ಸಾಮಾನು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಹಂಡೆಯ ಗುಂಡು ಕಟ್ಟೆಗೆ ಸರಿಯಾಗಿ ಒಂದು ಮೂಲೆ ಕತ್ತರಿಸಿ, ಅವರು ರಟ್ಟಿನ ಗಾಜು ಮಾಡಿ ನಿಲ್ಲಿಸಿದರು. ಬ್ಲೌಸಿಗೆ ಹಳೆ ಬಟ್ಟೆಯ ಮೇಲೆ ನಾನು ಅಳತೆ ನೋಡುವ ಹಾಗೆಯೇ. ಅವರ ಮೇಲೆ ನನಗೆ ಗೌರವ ಹುಟ್ಟಿತು.

"ಪೂರ್ತಿ ಮುಚ್ಚಿ. ಒಂದು ಹನಿ ಈಚೆ ಬರಬಾರದು" ಎಂದೆ.

"ಪೂರ್ತಿ ಮುಚ್ಚಿದರೆ ನೀನು ನೀರು ಹಾಕುವುದು ಎಲ್ಲಿಂದ? ಹೆಂಚಿನ ಮಾಡಿನಿಂದಲಾ?" ಎಂದಳು ಅಕ್ಕ.

"ಹಂಡೆಯಿಂದ ಒಂದು ಪೈಪ್ ಹಾಕಿಸು."

"ಪೈಪ್ ಮಾತಾಡ್ತದಾ?" ಎಂದು ನನ್ನ ಬಾಯಿ ಮುಚ್ಚಿಸಿ ಅವಳು ಇಸ್ಮಾಯಿಲರ ಕಡೆ ತಿರುಗಿದಳು. "ನಡುವೆ ಒಂದು ಕಿಂಡಿ ಇಡಿ."

"ಗಾಜಿಗೆ ಕಿಂಡಿಯಾ?"

"ಉಡುಪಿಯ ಪಕ್ಕದವರಲ್ವಾ ನಾವು? ಕಿಂಡಿ ನಮಗೆ ಹೊಸತಾ?"

ಇಸ್ಮಾಯಿಲ್ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು, ಏನಿದ್ದರೂ ಈಗಲೇ ಹೇಳಬೇಕಂತೆ. ಈ ಜಾತಿಯ ಗಾಜನ್ನು ಕತ್ತರಿಸಿ, ತೂತು ಕೊರೆದು, ಆಮೇಲೆ ಬೆಂಕಿಯಲ್ಲಿ ಕಾಯಿಸಿ ಒಮ್ಮೆಲೇ ತಣಿಸುತ್ತಾರಂತೆ. ಅಲ್ಲಿಂದ ಮುಂದೆ ಅದು ಗಟ್ಟಿ. ಆದರೆ ಕೂದಲೆಳೆಯಷ್ಟು ತಿದ್ದಲು ಹೋದರೂ ಪುಡಿಪುಡಿ.

"ನಮ್ಮ ಅಕ್ಕನ ಹಾಗೆ" ಎಂದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ, ಅಥವಾ ಹಾಗೆ ನಟಿಸಿದಳು.

ಅವಳು ಸೀರೆ ಉಟ್ಟುಕೊಂಡೇ ಒಣ ಟಬ್ಬಿನಲ್ಲಿ ಕಾಲು ಚಾಚಿ ಕೂತಳು. ನಾನು ಮಣೆಯ ಮೇಲೆ ಕೂತು ಚೆಂಬು ಹಿಡಿದ ಕೈಯನ್ನು ಚಾಚಿದೆ. ಇಸ್ಮಾಯಿಲರ ಪೆನ್ಸಿಲು ಕಸಿದು ಅಕ್ಕ ರಟ್ಟಿನ ಮೇಲೆ ಸುತ್ತು ಗೆರೆ ಎಳೆದಳು. "ನಿನ್ನ ಕೈ ನಡುಗ್ತದೆ ವಾರಿಜಾ. ಎರಡು ಬೆರಳು ಜಾಸ್ತಿ ಇಡುವ" ಎಂದಳು. ನಡುಗುವುದಿಲ್ಲ ಎಂದು ನಾನು ವಾದಿಸಿದೆ. ಆ ದಿನ ರಾತ್ರಿಯ ಊಟದವರೆಗೂ ವಾದಿಸಿದೆ.

ಗುರುವಾರ ಅವಳು ಕಾರ್ಕಳದಲ್ಲಿ ಒಂದು ಮನೆಯೊಕ್ಕಲಿಗೆ ಹೊರಟಳು. ಹೋಗುವಾಗ, "ಸಂಜೆಗೆ ನೀರು ಕಾಯಿಸಿಡು, ಬಸ್ಸಿನ ಧೂಳು ಇರ್ತದೆ" ಎಂದಳು. ಅಲ್ಲಿ ಊಟ ಮುಗಿಸಿ, ಕೈ ತೊಳೆದು, ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಮಣಿಪಾಲದ ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿದಿತ್ತು. ಫೋನು ಬಂದಾಗ ನಾನು ಒಲೆಗೆ ಮಡಲು ಇಡುತ್ತಿದ್ದೆ. ಕಾಯಿಸಿಟ್ಟ ನೀರು ಹಾಳಾಗಲಿಲ್ಲ. ಅವಳನ್ನು ಮನೆಗೆ ತಂದ ಮೇಲೆ ಅವಳ ಸ್ನಾನಕ್ಕೇ ಆಯಿತು.

ತಿಂಗಳ ನಂತರ ಇಸ್ಮಾಯಿಲ್ ಫೋನ್ ಮಾಡಿದರು. "ಗಾಜು ಬಂದಿದೆ ವಾರಿಜಕ್ಕ. ಹೇಳುವುದೋ ಬೇಡವೋ ಅಂತ ನಾಲ್ಕು ದಿನ ಸುಮ್ಮನಿದ್ದೆ."

"ಬೇಡ ಇಸ್ಮಾಯಿಲ್. ಇನ್ನು ನೀರು ಹಾರಿಸುವವರು ಯಾರಿದ್ದಾರೆ? ಬೇರೆ ಯಾರಿಗಾದರೂ ಕೊಡಿ."

"ಯಾರಿಗೆ ಕೊಡುವುದು? ಮೂಲೆಯಲ್ಲಿ ನಿಮ್ಮ ಹಂಡೆ ಉಂಟು, ನಡುವೆ ನಿಮ್ಮ ಕೈ ಉಂಟು. ಇದು ಕೂರುವ ಬಚ್ಚಲು ಲೋಕದಲ್ಲಿ ಒಂದೇ." ಆಮೇಲೆ ಮೆಲ್ಲಗೆ ಹೇಳಿದರು, "ಅಂಗಡಿಯಲ್ಲಿ ಇದ್ದರೆ ನನಗೂ ದಿನಾ ಕಾಣ್ತದೆ."

ತರಲು ಹೇಳಿದೆ. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಓರೆ ಗೋಡೆಗೆ, ಗುಂಡು ಕಟ್ಟೆಗೆ, ಅದು ಹೊಲಿದ ಹಾಗೆ ಕೂತಿತು. ಕಿಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ ಇಸ್ಮಾಯಿಲ್ ಹೊರಟರು. ಹೋಗುವಾಗ ಅಳತೆಗೆ ಒಯ್ದಿದ್ದ ರಟ್ಟನ್ನು ಹಿಂದೆ ಕೊಟ್ಟರು. ಒಲೆ ಹೊತ್ತಿಸಲು ಒಳ್ಳೆಯ ರಟ್ಟು. ಹೊತ್ತಿಸಲಿಲ್ಲ.

ಈಗ ಮಡಲು ಒದ್ದೆಯಾಗುವುದಿಲ್ಲ. ಹೊಗೆಯಿಲ್ಲ. ನಾನು ಬಯಸಿದ ಬಚ್ಚಲು ಕೊನೆಗೂ ನನಗೆ ಸಿಕ್ಕಿದೆ. ಮೊನ್ನೆ ಸಂಜೆ ಏನೋ ಅನ್ನಿಸಿ ಟಬ್ಬಿಗೆ ನೀರು ತುಂಬಿಸಿ ನಾನೇ ಇಳಿದು ಕೂತೆ. ಮೊದಲ ಸಲ. ಅಲ್ಲಿ ಕೂತ ಮೇಲೆ ಒಂದು ಸಂಗತಿ ತಿಳಿಯಿತು. ಚೆಂಬು ಬರಲು ಕಿಂಡಿ ಅಷ್ಟು ಕೆಳಗೆ ಇರಬೇಕಾಗಿರಲಿಲ್ಲ. ಮಬ್ಬು ಗಾಜಿನ ಆಚೆ ಕಾಣುವುದು ಕಿಂಡಿಯಿಂದ ಮಾತ್ರ. ಅದು ಆ ಎತ್ತರದಲ್ಲಿದ್ದರೆ ಟಬ್ಬಿನಿಂದ ಹಂಡೆ ಕಾಣುವುದಿಲ್ಲ, ಒಲೆಯ ಮುಂದಿನ ಮಣೆ ಕಾಣುತ್ತದೆ. ಮಣೆಯ ಮೇಲೆ ಕೂತವಳ ಮುಖಕ್ಕೆ ಸರಿಯಾಗಿ ಅಕ್ಕ ಗೆರೆ ಎಳೆದಿದ್ದಳು. ಎರಡು ಬೆರಳು ಜಾಸ್ತಿ ಇಟ್ಟದ್ದು ಕೈ ನಡುಗುವುದಕ್ಕಲ್ಲ. ಆ ರಾತ್ರಿ ವಾದಿಸಿ ನಾನೇ ಗೆದ್ದೆನೆಂದುಕೊಂಡಿದ್ದೆ.

ನೀರು ತಣಿಯಿತು. ಅಂಚನ್ನು ಎರಡು ಸಲ ತಟ್ಟಿದೆ. ಹಂಡೆಯಲ್ಲಿ ಬಿಸಿನೀರು ಇತ್ತು. ಮಣೆಯ ಮೇಲೆ ಯಾರೂ ಇರಲಿಲ್ಲ.