ಖಾಲಿ ಡಬ್ಬಿಯ ದುಂಬಿ

ಕೊಬ್ಬರಿಯ ಗುಣಮಟ್ಟ ನೋಡಲು ಹೊನ್ನವಳ್ಳಿಗೆ ಹೋಗಿದ್ದೆ. ಅಟ್ಟ ಹತ್ತಿದರೆ ತೋಟದ ಯಜಮಾನ ರಂಗಣ್ಣ ಬೆವತು ನಿಂತಿದ್ದರು. ಹವ್ಯಾಸಕ್ಕೆಂದು ಅಲ್ಲಿ ಜಿಂಕೆಯಂಥ ಕೊಂಬಿನ ವಿದೇಶಿ ದುಂಬಿಗಳನ್ನು ಡಬ್ಬಿಗಳಲ್ಲಿ ಸಾಕುತ್ತಿದ್ದರಂತೆ. ಒಂದು ಡಬ್ಬಿ ಖಾಲಿಯಾಗಿತ್ತು.

"ತೆಂಗಿಗೆ ಬಿದ್ದರೆ?"

"ತಿನ್ನಲ್ಲ ಅಂತಾರೆ ಸಾರ್. ನಂಗೂ ಗ್ಯಾರಂಟಿ ಇಲ್ಲ. ಅವ್ವಂಗೆ ಮಾತ್ರ ಹೇಳ್ಬೇಡಿ."

ಇಂಥದ್ದನ್ನು ಮುಚ್ಚಿಡುವುದು ತಪ್ಪು. ಕೆಳಗಿಳಿದು ಅಂಗಳದಲ್ಲಿದ್ದ ಅವರ ತಾಯಿಗೆ ಹೇಳಿಯೇಬಿಟ್ಟೆ. ಸುಳಿ ಕೊರೆಯುವ ದುಂಬಿಯನ್ನು ಕಂಡಲ್ಲೇ ಕೊಲ್ಲುವ ಊರು ಅದು.

ಆಕೆ ನಕ್ಕರು. "ಗೊಬ್ಬರದ ಗುಂಡೀಲಿ ಒಂದು ದುಂಬಿ ಸಿಕ್ತು ಕಣಪ್ಪ. ಕೋಳಿಗೆ ಹಾಕ್ದೆ, ಬುಡು."

ನನಗೆ ಉಸಿರು ಬಂತು. ಹಿಂದೆಯೇ ಇಳಿದು ಬಂದಿದ್ದ ರಂಗಣ್ಣನ ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತ್ತು.

"ಎಷ್ಟು ಕೊಂಬಿತ್ತವ್ವಾ?"

"ಒಂದೇ ಕಣ್ಲಾ, ಯಾವಾಗ್ಲೂ ಇರೋ ಹಂಗೆ."

"ನಮ್ದಕ್ಕೆ ಎರಡು."

ಆಕೆಯ ನಗು ನಿಂತಿತು. ಮೂವರೂ ತಲೆಯೆತ್ತಿ ತೆಂಗಿನ ಸುಳಿಗಳನ್ನು ನೋಡಿದೆವು. ನಾನು ಸತ್ಯ ಹೇಳಿದ್ದರಿಂದ ಆದ ಲಾಭ ಇಷ್ಟೇ: ಒಬ್ಬರ ಭಯ ಮೂವರದಾಯಿತು.